ತೂಕದ ಮನೆಯ ಮಣ್ಣಿನ ಗೋಡೆ: ಒಂದು ದುರಸ್ತಿಯ ದಾಖಲೆ

ಕೊಡಗಿನ ಸಿದ್ದಾಪುರದ ಕಡೆಯ ಒಂದು ಕಾಫಿ ತೋಟದಲ್ಲಿ, ಕಣದ ಅಂಚಿಗೆ, ಸುಡದ ಇಟ್ಟಿಗೆಯಲ್ಲಿ ಕಟ್ಟಿದ ಎರಡು ಕೋಣೆಗಳ ಹಳೆಯ ಕಟ್ಟಡವೊಂದಿದೆ. ಅಲ್ಲಿ ಕಾಫಿ ತೂಗುವುದು ನಿಂತು ಬಹಳ ಕಾಲವಾಗಿದ್ದರೂ ತೋಟದವರೆಲ್ಲ ಅದನ್ನು ತೂಕದ ಮನೆ ಎಂದೇ ಕರೆಯುತ್ತಾರೆ. ಉದ್ದ 32 ಅಡಿ, ಅಗಲ 16 ಅಡಿ, ಗೋಡೆಯ ದಪ್ಪ ಒಂದೂವರೆ ಅಡಿ. ಮುಂದೆ ಕಣಕ್ಕೆ ತೆರೆದ ಜಗಲಿ, ಹಿಂದೆ ಮಣ್ಣಿನ ಧರೆ (ದಿಬ್ಬ), ಮೇಲೆ ಮಂಗಳೂರು ಹೆಂಚು. ದೊಡ್ಡ ಕೋಣೆಯ ನಡುವಿನ ತೊಲೆಯಲ್ಲಿ ತಕ್ಕಡಿ ತೂಗುಹಾಕುತ್ತಿದ್ದ ಕಬ್ಬಿಣದ ಕೊಕ್ಕೆ ಇನ್ನೂ ಉಳಿದಿದೆ. ಭಾರ ಹೊತ್ತು ಹೊತ್ತು ಅದು ಮರದೊಳಗೆ ಹೆಬ್ಬೆರಳು ಹುದುಗುವಷ್ಟು ಆಳಕ್ಕೆ ಇಳಿದುಬಿಟ್ಟಿದೆ. ಚಿಕ್ಕ ಕೋಣೆ ತೋಟದ ಲೆಕ್ಕ ಬರೆಯುವ ರೈಟರದು. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯುತ್ತಿದ್ದುದು ಮತ್ತು ವಾರದ ಕೂಲಿ ಬಟವಾಡೆ ಮಾಡುತ್ತಿದ್ದುದು ಅಲ್ಲಿಯೇ.

ಈ ಕಟ್ಟಡವನ್ನು ಕೆಡವಿ ಪಿಕಪ್ ನಿಲ್ಲಿಸಲು ಶೆಡ್ ಹಾಕುವ ಆಲೋಚನೆ ಮಾಲೀಕರಿಗಿತ್ತು. ಅವರ ಮನಸ್ಸು ಬದಲಾದದ್ದು ಒಳಗೋಡೆಯ ಮೇಲಿನ ಗೀಟುಗಳಿಂದ. ಎದೆಮಟ್ಟದಲ್ಲಿ ಇದ್ದಿಲಿನಿಂದಲೂ ನೀಲಿ ಪೆನ್ಸಿಲಿನಿಂದಲೂ ಎಳೆದ ನೂರಾರು ಗೀಟುಗಳಿವೆ; ನಾಲ್ಕು ನೆಟ್ಟಗೆ, ಐದನೆಯದು ಅಡ್ಡಕ್ಕೆ. ಬಾಕ್ಸಿನಲ್ಲಿ ಅಳೆದ ಹಣ್ಣಿನ ಲೆಕ್ಕವನ್ನು ಪುಸ್ತಕಕ್ಕೆ ಏರಿಸುವ ಮೊದಲು ರೈಟರು ಗೋಡೆಯಲ್ಲಿ ಹಾಕಿಕೊಳ್ಳುತ್ತಿದ್ದ ಗುರುತು ಅದು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತಾದರೂ ಅಲ್ಲಿನ ಗಣಿಬಾವಿಯ ಮೇಲಿನ ಕಬ್ಬಿಣದ ಗೋಪುರಗಳನ್ನು ಕಂಡವರಿಗೆ ಇಲ್ಲಿ ಜನ ಭೂಮಿಯೊಳಗೆ ಇಳಿದು ದುಡಿದರೆಂದು ಹೇಳಬೇಕಾಗಿಲ್ಲ. ಕಾಫಿಯ ದುಡಿಮೆಗೆ ಅಂಥ ಗುರುತಿಲ್ಲ. 1854ರಲ್ಲಿ ಮಡಿಕೇರಿಯ ಬಳಿ ಫೌಲರ್ ಎಂಬ ಇಂಗ್ಲಿಷರವನು ತೋಟ ತೆರೆದಂದಿನಿಂದ ಇಲ್ಲಿ ಕಾಫಿ ಕೊಯ್ದವರ ಕೈ ಯಾವ ಕಲ್ಲಿನಲ್ಲೂ ದಾಖಲಾಗಿಲ್ಲ. ಗಿಡ ಉಳಿಯುತ್ತದೆ, ಬಂಗಲೆ ಉಳಿಯುತ್ತದೆ, ಕೂಲಿಯವರ ಲೈನ್ ಮನೆಗಳನ್ನು ಕೆಡವಿ ಹೊಸದು ಕಟ್ಟುತ್ತಾರೆ. ಆದ್ದರಿಂದ ಈ ದುರಸ್ತಿಯಲ್ಲಿ ಉಳಿಸಬೇಕಾದದ್ದು ಕಟ್ಟಡದ ಆಕಾರವಲ್ಲ, ಆ ಗೋಡೆಯ ಒಳಮೈ ಎಂದು ಮೊದಲೇ ತೀರ್ಮಾನಿಸಿಕೊಂಡೆವು. ಮುಂದಿನ ಪ್ರತಿಯೊಂದು ಕೆಲಸವೂ ಆ ತೀರ್ಮಾನಕ್ಕೆ ತಗ್ಗಿ ನಡೆಯಬೇಕಾಯಿತು.

ಕಟ್ಟಡದ ವಯಸ್ಸಿನ ಬಗ್ಗೆ ಒಂದು ಮಾತು. ಹೆಂಚುಗಳ ಬೆನ್ನಿನ ಮೇಲೆ 1865 ಎಂಬ ಅಂಕಿ ಮೂಡಿದೆ, ಆದ್ದರಿಂದ ಕಟ್ಟಡವೂ ಆ ಕಾಲದ್ದೇ ಎಂದು ತೋಟದಲ್ಲಿ ನಂಬಿಕೆಯಿತ್ತು. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ವರ್ಷ ಅದು. ಮುಂದೆ ತಯಾರಾದ ಹೆಂಚುಗಳ ಮೇಲೂ ಅದೇ ಅಂಕಿಯನ್ನು ಒತ್ತುತ್ತಿದ್ದುದರಿಂದ ಅದನ್ನು ಹಿಡಿದು ಕಟ್ಟಡದ ಕಾಲ ಹೇಳಲಾಗುವುದಿಲ್ಲ. ಸೂರಿನ ಕೆಳಗೆ ಗೋಡೆಯ ತಲೆಯಲ್ಲಿ ಹುಲ್ಲು ಹೊದಿಸಿದ ಕಾಲದ ಗಳುಗಳನ್ನು ಸಿಕ್ಕಿಸಿದ್ದ ತೂತುಗಳು ಸಿಕ್ಕಿದ್ದರಿಂದ, ಗೋಡೆ ಹೆಂಚಿಗಿಂತ ಹಳೆಯದು ಎಂಬಷ್ಟು ಮಾತ್ರ ಖಚಿತವಾಯಿತು.

ಮಣ್ಣಿನ ಗೋಡೆ ಕೆಡುವುದು ಹೆಚ್ಚಾಗಿ ನೀರಿನಿಂದ. ಒಣಗಿದ ಹಸಿ (ಸುಡದ) ಇಟ್ಟಿಗೆ ಹೆಂಚಿನ ಮಾಡನ್ನು ನಿರಾಯಾಸವಾಗಿ ಹೊರುತ್ತದೆ, ನೀರು ಕುಡಿದಾಗ ಅದೇ ಇಟ್ಟಿಗೆ ಬೆರಳಿಗೆ ಕರಗುತ್ತದೆ. ಇಲ್ಲಿ ನೀರು ಮೂರು ದಾರಿಯಿಂದ ಬರುತ್ತಿತ್ತು. ಮಾಡಿನ ನೆತ್ತಿಯ ಹೆಂಚು ಸರಿದು ಹಿಂಗೋಡೆಯ ತಲೆ ನೆನೆಯುತ್ತಿತ್ತು. ಹಿಂದಿನ ಧರೆಯಿಂದ ವರ್ಷವರ್ಷವೂ ಜಾರಿದ ಮಣ್ಣು ಗೋಡೆಯಡಿಯ ಕಟ್ಟೆಯಾದ ಪಂಚಾಂಗದ ಕಲ್ಲನ್ನು ಪೂರ್ತಿ ಮುಚ್ಚಿ ಗೋಡೆಯ ಇಟ್ಟಿಗೆಗೇ ತಾಗಿ ನಿಂತಿತ್ತು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ತಳ ಸವೆಯುತ್ತಿದೆಯೆಂದು ಯಾವಾಗಲೋ ಹೊರಮೈಗೆ ಮೂರು ಅಡಿ ಎತ್ತರದವರೆಗೆ ಸಿಮೆಂಟ್ ಗಿಲಾವು ಮಾಡಿಸಿದ್ದರು. ನೆಲದಿಂದ ಏರಿದ ತೇವ ಮಣ್ಣಿನ ಗೋಡೆಯ ಮೈಯಿಂದ ಗಾಳಿಗೆ ಆರಿಹೋಗಬೇಕು. ಸಿಮೆಂಟ್ ಆ ಬಾಗಿಲನ್ನು ಮುಚ್ಚುವುದರಿಂದ ತೇವ ಇನ್ನೂ ಮೇಲಕ್ಕೆ ಏರುತ್ತದೆ ಅಥವಾ ಒಳಮೈಯ ಕಡೆಗೆ ತಿರುಗುತ್ತದೆ. ಜೊತೆಗೆ ಸಿಮೆಂಟು ಗಡುಸು, ಮಣ್ಣು ಮೆತು. ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದಿಲ್ಲವಾದ್ದರಿಂದ ನಡುವೆ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ಮಳೆನೀರು ಇಳಿದು ಅಲ್ಲಿಯೇ ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಗೋಡೆ ಗಟ್ಟಿಮುಟ್ಟಾಗಿಯೇ ಕಾಣುತ್ತಿತ್ತು. ಉಳಿಯಿಂದ ಮೆಲ್ಲನೆ ಒಂದು ತುಂಡು ಸಿಮೆಂಟ್ ಎಬ್ಬಿಸಿದಾಗ ಹಿಂದಿದ್ದ ಇಟ್ಟಿಗೆ ಕಲಸಿದ ಹಿಟ್ಟಿನಂತೆ ಅಂಗೈಗೆ ಇಳಿದು ಬಂತು. ಕೊಡಗಿನಲ್ಲಿ ಹಳೆಯ ಮಣ್ಣಿನ ಮನೆಗೆ ‘ಬಲ ಕೊಡಲು’ ಸಿಮೆಂಟ್ ಬಳಿಯುವವರಿಗೆ ಆ ಒಂದು ಹಿಡಿ ಮಣ್ಣನ್ನು ತೋರಿಸಬೇಕು ಅನ್ನಿಸಿತು.

ಇವಿಷ್ಟಕ್ಕೆ ಉಪ್ಪಿನ ಕಾಟವೂ ಸೇರಿತ್ತು. ಬೆಳೆದ ಕಾಫಿಯನ್ನು ಕಾಫಿ ಮಂಡಳಿಗೇ ಒಪ್ಪಿಸಬೇಕಿದ್ದ ಪೂಲ್ ಪದ್ಧತಿ 1990ರ ದಶಕದಲ್ಲಿ ಕೊನೆಗೊಂಡು ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಇಟ್ಟುಕೊಂಡು ಮಾರುವಂತಾದ ಮೇಲೆ ಈ ತೋಟದಲ್ಲಿ ಹೊಸ ಗೋಡೌನ್ ಕಟ್ಟಿದರು. ತೂಕದ ಮನೆ ಗೊಬ್ಬರದ ಕೋಣೆಯಾಯಿತು. ಪೊಟ್ಯಾಷ್ ಮತ್ತು ಯೂರಿಯಾ ಚೀಲಗಳನ್ನು ಉತ್ತರದ ಗೋಡೆಗೆ ಒರಗಿಸಿ ಪೇರಿಸಿದ್ದರು. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ಅದೂ ಒಂದು ಬಗೆಯ ಉಪ್ಪೇ. ಮಳೆಗಾಲದ ತೇವಕ್ಕೆ ಕರಗಿ ಗೋಡೆಯೊಳಗೆ ಸೇರಿದ ಉಪ್ಪು ಬೇಸಿಗೆಯಲ್ಲಿ ಮೇಲ್ಮೈಗೆ ಬಂದು ಹರಳುಗಟ್ಟುತ್ತದೆ, ಹರಳು ಬೆಳೆಯುವಾಗ ಮಣ್ಣಿನ ಪದರವನ್ನು ಒಳಗಿನಿಂದ ನೂಕಿ ಉದುರಿಸುತ್ತದೆ. ಉತ್ತರದ ಗೋಡೆಯ ಬುಡದಲ್ಲಿ ಬೆಳ್ಳಗೆ ಬೂಷ್ಟು ಹಿಡಿದಂತೆ ಕಾಣುತ್ತಿದ್ದುದು ಬೂಷ್ಟಲ್ಲ, ಈ ಹರಳು.

ಕೆಲಸ ಶುರುವಾಗುವ ಮೊದಲು ಗೋಡೆಯ ಒಳಮೈಯನ್ನು ಚೌಕ ಚೌಕವಾಗಿ ಫೋಟೋ ತೆಗೆದುಕೊಳ್ಳುತ್ತಿದ್ದಾಗ, ಚಿಕ್ಕಂದಿನಿಂದ ಅದೇ ತೋಟದಲ್ಲಿ ಕೆಲಸ ಮಾಡಿ ಈಗ ಮಗನ ಲೈನ್ ಮನೆಯಲ್ಲಿರುವ ಅಜ್ಜಿಯೊಬ್ಬರು ನೋಡಲು ಬಂದರು. ಇದ್ದಿಲಿನ ಗೀಟುಗಳನ್ನು ತೋರಿಸಿ, ಇವು ನಿಮ್ಮ ಬಾಕ್ಸಿನ ಲೆಕ್ಕವೇ ಎಂದು ಕೇಳಿದೆ.

“ಅದು ರೈಟರ್ದು ಸಾಮಿ,” ಎಂದರು ಅಜ್ಜಿ. “ನಮ್ದು ಕೆಳಗೆ ಐತೆ, ಬಾಗ್ಲು ಹತ್ರ. ಟಾರ್ಚ್ ಹಾಕಿ ನೋಡಿ.”

ಬಾಗಿಲಿನ ಚೌಕಟ್ಟಿನ ಎಡಕ್ಕೆ, ನೆಲದಿಂದ ಒಂದೂವರೆ ಎರಡು ಅಡಿ ಎತ್ತರದಲ್ಲಿ, ಉಗುರಿನಿಂದಲೋ ಕಡ್ಡಿಯಿಂದಲೋ ಗೀರಿದ ಸಣ್ಣ ಗೆರೆಗಳಿದ್ದವು. ಟಾರ್ಚನ್ನು ಗೋಡೆಗೆ ಅಡ್ಡವಾಗಿ ಹಿಡಿದರೆ ಮಾತ್ರ ಕಾಣುತ್ತವೆ, ನೇರ ಬೆಳಕಿಗೆ ಕಾಣುವುದಿಲ್ಲ. ಸಾಲಿನಲ್ಲಿ ಕೂತು ಸರದಿಗೆ ಕಾಯುತ್ತಿದ್ದ ಹೆಂಗಸರು ತಮ್ಮ ತಮ್ಮ ಬಾಕ್ಸಿನ ಲೆಕ್ಕವನ್ನು ತಾವೂ ಇಟ್ಟುಕೊಳ್ಳುತ್ತಿದ್ದರು. ಓದು ಬಾರದಿದ್ದರೂ ಬಟವಾಡೆಯ ದಿನ ರೈಟರ ಲೆಕ್ಕ ಕಡಿಮೆ ಬಂದರೆ ಎದ್ದು ಕೇಳಲು ಅವರಿಗೆ ಇದ್ದ ಆಧಾರ ಇಷ್ಟೇ. ಒಬ್ಬೊಬ್ಬರ ಸಾಲಿನ ತಲೆಗೆ ಒಂದೊಂದು ಗುರುತಿದೆ: ಒಂದಕ್ಕೆ ಸುತ್ತು, ಒಂದಕ್ಕೆ ಎಲೆಯ ಆಕಾರ, ಒಂದಕ್ಕೆ ಬಾಚಣಿಗೆಯಂಥದ್ದು. ಬಾಚಣಿಗೆ ತಮ್ಮ ಅಕ್ಕನದು ಎಂದು ಅಜ್ಜಿ ಹೇಳಿದರು. ತಮ್ಮದು ಯಾವುದೆಂದು ಹುಡುಕಿದರು, ಆ ಭಾಗದ ಗಿಲಾವು ಆಗಲೇ ಉದುರಿಹೋಗಿತ್ತು.

ದುರಸ್ತಿಯ ಲೆಕ್ಕಾಚಾರವೇ ಇದರಿಂದ ಬದಲಾಯಿತು. ರೈಟರ ಗೀಟುಗಳು ಒಣಗೋಡೆಯ ಮೇಲೆ ಸುರಕ್ಷಿತವಾಗಿದ್ದವು. ಕೆಲಸದವರ ಗೀರುಗಳಿದ್ದುದು ತೇವ ಏರಿ, ಉಪ್ಪು ಹರಳುಗಟ್ಟಿ, ಅತಿ ಹೆಚ್ಚು ಕೆಟ್ಟ ಪಟ್ಟಿಯಲ್ಲಿ. ಸಾಮಾನ್ಯ ದುರಸ್ತಿಯಲ್ಲಾದರೆ ಮೊದಲು ಕೆತ್ತಿ ತೆಗೆಯುವ ಜಾಗ ಅದು. ಆ ಪಟ್ಟಿಯ ಹಿಂದಿನ ಇಟ್ಟಿಗೆಯನ್ನು ಬದಲಿಸಬೇಕು, ಮುಂದಿನ ಅರ್ಧ ಅಂಗುಲದ ಗಿಲಾವು ಮಾತ್ರ ಇದ್ದಲ್ಲಿಯೇ ಇರಬೇಕು.

ಮೊದಲು ಮಾಡಿನ ಕೆಲಸ. ಹೆಂಚುಗಳನ್ನು ಇಳಿಸಿ, ತಟ್ಟಿ ನೋಡಿ, ಗಣಗಣ ಎನ್ನುವುದನ್ನು ಉಳಿಸಿ ಬೊದ್ದು ಸದ್ದಿನದನ್ನು ಬೇರೆ ಮಾಡಿದೆವು. ಹಿಂಬದಿಯ ಪಕ್ಕಾಸುಗಳ ತುದಿಗೆ ಗೆದ್ದಲು ಹತ್ತಿತ್ತು. ಕೊಳೆತ ತುದಿಯನ್ನಷ್ಟೇ ಕತ್ತರಿಸಿ, ಬೇರೆಡೆ ಕೆಡವಿದ ಮನೆಯಿಂದ ತಂದ ಹಲಸಿನ ಮರವನ್ನು ಗಂಟು ಹಾಕಿ ಸೇರಿಸಲಾಯಿತು. ಮರ ಗೋಡೆಗೆ ಕೂರುವ ಕಡೆಯಲ್ಲೆಲ್ಲ ಗೇರು ಎಣ್ಣೆ ಬಳಿದೆವು. ಮೈಗೆ ತಾಗಿದರೆ ಸುಡುವ ಎಣ್ಣೆಯದು, ಕೈಗವಸಿಲ್ಲದೆ ಮುಟ್ಟಬಾರದು. ಸೂರನ್ನು ಮಾತ್ರ ಹಳೆಯ ಅಳತೆಗಿಂತ ಒಂದು ಅಡಿ ಮುಂದೆ ಚಾಚಿಸಿದೆವು. ಮೂಲ ರೂಪ ಕೆಡುತ್ತದೆ ಎಂದು ಆಕ್ಷೇಪಿಸುವವರಿದ್ದಾರೆ. ಹುಲ್ಲಿನ ಮಾಡಿದ್ದಾಗ ಸೂರು ಇನ್ನೂ ತಗ್ಗಿಗೆ ಬರುತ್ತಿದ್ದಿರಬೇಕು, ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಓರೆಯಾಗಿ ಹೊಡೆಯುವ ಈ ಸೀಮೆಯಲ್ಲಿ ಮಣ್ಣಿನ ಗೋಡೆಗೆ ಸೂರಿಗಿಂತ ದೊಡ್ಡ ರಕ್ಷಣೆ ಇಲ್ಲ.

ಹಿಂದಿನ ಧರೆಯನ್ನು ಗೋಡೆಯಿಂದ ನಾಲ್ಕು ಅಡಿ ದೂರಕ್ಕೆ ಕಡಿದು, ಪಂಚಾಂಗದ ಕಲ್ಲು ಮತ್ತೆ ಕಾಣುವಂತೆ ಮಾಡಿ, ಬುಡದಲ್ಲಿ ಇಳಿಜಾರಿನ ಚರಂಡಿ ತೆಗೆದೆವು. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತಲಿನ ಬೆಟ್ಟಗಳು ಕುಸಿದದ್ದನ್ನು ಕಂಡ ಮೇಲೆ ಕೊಡಗಿನಲ್ಲಿ ಯಾರೂ ಧರೆಯನ್ನು ನೆಟ್ಟಗೆ ಕಡಿಯುವ ಧೈರ್ಯ ಮಾಡಬಾರದು. ಎರಡು ಮೆಟ್ಟಿಲಾಗಿ ಓರೆಗೆ ಕಡಿದು ಲಾವಂಚ ನೆಟ್ಟಿದ್ದೇವೆ. ಆಮೇಲೆ ಸಿಮೆಂಟ್ ಎಬ್ಬಿಸಿ, ಗೋಡೆಯನ್ನು ಹಾಗೆಯೇ ಆರಲು ಬಿಟ್ಟೆವು. ಇದು ಕೆಲಸದಂತೆ ಕಾಣದ ಕೆಲಸ. ಗಾರೆ ಮೇಸ್ತ್ರಿಗೆ ಸುಮ್ಮನೆ ಕೂರುವುದು ಸಹಿಸಲಿಲ್ಲ, ಆದರೆ ಒದ್ದೆ ಗೋಡೆಗೆ ಹೊಸ ಇಟ್ಟಿಗೆ ಕಟ್ಟಿದರೆ ಹೊಸದೂ ಒದ್ದೆಯಾಗುತ್ತದೆ.

ಆ ಬಿಡುವಿನಲ್ಲಿ ಉಪ್ಪು ತೆಗೆದೆವು. ಜರಡಿಯಾಡಿದ ಜೇಡಿ, ಮರಳು, ನೆನೆಸಿ ಅರೆದ ಕಾಗದದ ಮುದ್ದೆ, ಇವನ್ನು ಶುದ್ಧ ನೀರಿನಲ್ಲಿ ಕಲಸಿ ಉತ್ತರದ ಗೋಡೆಯ ಬುಡಕ್ಕೆ ಅರ್ಧ ಅಂಗುಲ ದಪ್ಪ ಮೆತ್ತಿದರೆ, ಲೇಪದ ನೀರು ಗೋಡೆಯೊಳಗಿನ ಉಪ್ಪನ್ನು ಕರಗಿಸುತ್ತದೆ. ಲೇಪ ಹೊರಮುಖವಾಗಿ ಆರುವಾಗ ಉಪ್ಪು ಅದರೊಳಕ್ಕೆ ಬಂದು ನಿಲ್ಲುತ್ತದೆ. ಪೂರ್ತಿ ಆರಿ ಬಿರುಕು ಬಿಟ್ಟ ಮೇಲೆ ಕಿತ್ತು ತೆಗೆದು ಮತ್ತೆ ಹೊಸದು ಮೆತ್ತಬೇಕು. ಕಿತ್ತ ಲೇಪವನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಕದಡಿ, ತಿಳಿಯನ್ನು ಸೋಸಿ, ಒಂದೆರಡು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟರೆ ಕ್ಲೋರೈಡ್ ಇದ್ದಷ್ಟು ಕಾಲ ನೀರು ಮೊಸರಿನಂತೆ ಬೆಳ್ಳಗಾಗುತ್ತದೆ. ಬರಿಯ ಮಬ್ಬಷ್ಟೇ ಉಳಿಯುವವರೆಗೆ ಲೇಪ ಬದಲಿಸಿದೆವು. ಕಿತ್ತ ಲೇಪದ ರಾಶಿಯನ್ನು ನೋಡಿ ಮೇಸ್ತ್ರಿ ಹೇಳಿದ್ದು: “ಇದನ್ನೂ ಗಿಡಕ್ಕೇ ಹಾಕ್ಬಿಡೋಣ ಸಾರ್, ದುಡ್ಡು ಕೊಟ್ಟು ತಂದ ಗೊಬ್ಬರ ಅಲ್ವಾ.” ಗೀರುಗಳಿದ್ದ ಬಾಗಿಲಿನ ಬದಿಗೆ ಮಾತ್ರ ಈ ಲೇಪ ಹಾಕಲಿಲ್ಲ, ಕಿತ್ತಾಗ ಗೀರೂ ಜೊತೆಗೆ ಬರುತ್ತದೆ. ಅಲ್ಲಿ ಒಣ ಬ್ರಷ್ಷಿನಿಂದ ಹರಳನ್ನು ಉದುರಿಸಿ, ಉಪ್ಪು ಹೊರಗೋಡೆಯ ಕಡೆಯಿಂದ ಬರುವಂತೆ ಲೇಪವನ್ನು ಹೊರಮೈಗೆ ಮೆತ್ತಿದೆವು.

ಇಟ್ಟಿಗೆಯ ಮಣ್ಣಿಗೆ ದೂರ ಹೋಗಬೇಕಾಗಲಿಲ್ಲ, ಕಡಿದ ಧರೆಯ ಮಣ್ಣೇ ಇತ್ತು. ಮೇಲಿನ ಎಲೆಗೊಬ್ಬರದ ಕಪ್ಪು ಪದರವನ್ನು ಬಿಟ್ಟು ಕೆಳಗಿನ ಕೆಂಪು ಮಣ್ಣನ್ನು ಮಾತ್ರ ತೆಗೆದುಕೊಳ್ಳಬೇಕು. ಗಾಜಿನ ಭರಣಿಯಲ್ಲಿ ಮಣ್ಣು, ನೀರು ಹಾಕಿ ಕುಲುಕಿ ಇಟ್ಟರೆ ಮರಳು ಕೂಡಲೇ, ನುಣುಪು ಮಣ್ಣು ಆಮೇಲೆ, ಜೇಡಿ ಕೊನೆಗೆ ತಂಗುತ್ತದೆ. ಪದರಗಳ ದಪ್ಪದಿಂದ ಪ್ರಮಾಣ ಅಂದಾಜಾಗುತ್ತದೆ. ಹಸಿ ಇಟ್ಟಿಗೆಗೆ ಜೇಡಿ ಶೇ 15ರಿಂದ 30ರೊಳಗಿದ್ದರೆ ಒಳ್ಳೆಯದು. ನಮ್ಮದು ಹೆಚ್ಚಿತ್ತು. 60 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ ಮತ್ತು ಆಳದ ಮರದ ಪೆಟ್ಟಿಗೆಗೆ ಎಣ್ಣೆ ಸವರಿ, ಕಲಸಿದ ಮಣ್ಣು ತುಂಬಿ ಒಣಗಿಸಿದಾಗ ಅದು ಎಷ್ಟು ಕುಗ್ಗಿತೆಂದು ಅಳೆದು, ಹೊಳೆಮರಳು ಸೇರಿಸಿ ಸೇರಿಸಿ ಹದಕ್ಕೆ ತಂದೆವು. ಭತ್ತದ ಹುಲ್ಲನ್ನು ಬೆರಳುದ್ದ ಕತ್ತರಿಸಿ ಬೆರೆಸಿ, ಗುಂಡಿಯಲ್ಲಿ ಒಂದು ವಾರ ಕೊಳೆಯಲು ಬಿಟ್ಟು, ದಿನವೂ ತುಳಿಸಬೇಕು. ಹುಳಿ ವಾಸನೆ ಬಂದು ಮಣ್ಣು ಕೈಗೆ ಅಂಟದೆ ಜಾರುವಂತಾದಾಗ ಹದ ಬಂತೆಂದು ಅರ್ಥ.

ಹಳೆಯ ಇಟ್ಟಿಗೆ 12 ಅಂಗುಲ ಉದ್ದ, 6 ಅಂಗುಲ ಅಗಲ, 4 ಅಂಗುಲ ದಪ್ಪ. ಒಂದನ್ನು ಉದ್ದಕ್ಕೂ ಒಂದನ್ನು ಅಡ್ಡಕ್ಕೂ ಇಟ್ಟರೆ ಗೋಡೆಯ ಹದಿನೆಂಟು ಅಂಗುಲ ಸರಿಹೋಗುತ್ತದೆ. ಒಣಗುವಾಗ ಕುಗ್ಗುವುದನ್ನು ಲೆಕ್ಕ ಹಿಡಿದು ಅಚ್ಚನ್ನು ಸ್ವಲ್ಪ ದೊಡ್ಡದಾಗಿ ಮಾಡಿಸಿದೆವು. ಒಣಗಿಸಲು ಸಮತಟ್ಟಾದ ಜಾಗವೆಂದರೆ ಕಾಫಿ ಕಣವೇ, ಅದು ರೊಬಸ್ಟಾ ಒಣಗಿ ಮುಗಿಯುವವರೆಗೆ ಸಿಗುವಂತಿರಲಿಲ್ಲ. ಆಳುಗಳೂ ಅಷ್ಟೇ: ಕೊಯ್ಲಿನ ಸಮಯದಲ್ಲಿ ಇಟ್ಟಿಗೆ ತುಳಿಯಲು ಬನ್ನಿ ಎಂದು ಕರೆದರೆ ಯಾರು ಬರುತ್ತಾರೆ? ಕಣ ಖಾಲಿಯಾಗುವ ಹೊತ್ತಿಗೆ ಕಾಫಿಯನ್ನು ಹೂಬಿಡಿಸುವ ಹೂಮಳೆಯ ಕಾಲ ಹತ್ತಿರವಾಗಿತ್ತು. ತೋಟದವರೆಲ್ಲ ಮೋಡ ನೋಡಿ ಖುಷಿಪಡುತ್ತಿದ್ದರೆ ನಾವು ಟಾರ್ಪಾಲು ಹಿಡಿದು ಓಡುತ್ತಿದ್ದೆವು. ಹೂಮಳೆ ಚೆನ್ನಾಗಿಯೇ ಬಂತು, ತೋಟ ಬೆಳ್ಳಗೆ ಅರಳಿತು. ಅಂಚಿನ ಸಾಲಿನ ಇಟ್ಟಿಗೆಗಳು ಮತ್ತೆ ಗುಂಡಿ ಸೇರಿದವು. ಉಳಿದವನ್ನು ಮೂರು ದಿನಕ್ಕೆ ಮಗ್ಗುಲಿಗೆ ನಿಲ್ಲಿಸಿ, ಗಾಳಿಯಾಡುವಂತೆ ಸಂದು ಬಿಟ್ಟು ಪೇರಿಸಿ, ನಾಲ್ಕು ವಾರ ಒಣಗಿಸಿ, ಸೊಂಟದೆತ್ತರದಿಂದ ಬೀಳಿಸಿದರೂ ಒಡೆಯದವನ್ನು ಮಾತ್ರ ಗೋಡೆಗೆ ಆರಿಸಿದೆವು.

ಬಾಗಿಲ ಬದಿಯ ಕೆಲಸವನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಂಡಿದ್ದೆವು. ಮಾಡಿನ ಭಾರವನ್ನು ಸಿಲ್ವರ್ ಓಕ್ ಕಂಬಗಳ ಮೇಲೆ ತೆಗೆದುಕೊಂಡ ಮೇಲೆ, ಒಳಗಡೆ ಗೀರುಗಳ ಮೇಲೆ ಒಗೆದ ಹಳೆಯ ಹತ್ತಿ ಪಂಚೆ, ಅದರ ಮೇಲೆ ಎರಡು ಅಂಗುಲದ ಸ್ಪಂಜು, ಅದರ ಮೇಲೆ ಪ್ಲೈವುಡ್ ಹಲಗೆ ಇಟ್ಟು, ಹಲಗೆಯನ್ನು ಎದುರುಗೋಡೆಗೆ ಊರುಗೋಲು ಕೊಟ್ಟು ಬಿಗಿದೆವು. ಬಿಗಿ ಎಂದರೆ ಒತ್ತುವಷ್ಟಲ್ಲ, ಗಿಲಾವು ಅಲುಗದಂತೆ ಅಂಗೈ ಆನಿಸಿದಷ್ಟು. ಆಮೇಲೆ ಹೊರಗಿನಿಂದ, ಒಮ್ಮೆಗೆ ಎರಡು ಅಡಿ ಅಗಲಕ್ಕಿಂತ ಹೆಚ್ಚಿಲ್ಲದಂತೆ, ಒಂದು ತುಂಡು ಬಿಟ್ಟು ಒಂದು ತುಂಡಿನಲ್ಲಿ ಕೆಟ್ಟ ಇಟ್ಟಿಗೆಯನ್ನು ಕೆತ್ತಿ ತೆಗೆಯುತ್ತಾ ಒಳಕ್ಕೆ ಹೋಗಬೇಕು. ಕೊನೆಯ ಮೂರು ನಾಲ್ಕು ಅಂಗುಲಕ್ಕೆ ಉಳಿ ಸುತ್ತಿಗೆ ಬಿಟ್ಟು ಅಡಿಗೆಮನೆಯ ಚಮಚವನ್ನೇ ಬಳಸಿದೆವು. ಕೊನೆಗೆ ಗಿಲಾವಿನ ಬೆನ್ನು ಕಾಣಿಸಿತು. ಅದನ್ನು ಬಳಿದವರ ಕಾಲದಲ್ಲಿ ಮಣ್ಣಿಗೆ ಬೆರೆಸಿದ್ದ ಉಮಿಯ ಒಂದೊಂದು ಸಿಪ್ಪೆಯೂ ಹೊಂಬಣ್ಣ ಮಾಸದೆ ಹಾಗೆಯೇ ಇತ್ತು. ಅದರ ಬೆನ್ನಿಗೆ ತೆಳ್ಳನೆಯ ಜೇಡಿನೀರು ಸಿಂಪಡಿಸಿ, ಮೆತು ಮಣ್ಣಿನ ಗಾರೆ ಮೆತ್ತಿ, ಅದು ಹಸಿಯಿರುವಾಗಲೇ ಹೊಸ ಇಟ್ಟಿಗೆಯನ್ನು ಒಳದೂಡಿ ಕೂರಿಸಲಾಯಿತು. ಮೇಲಿನ ಸಾಲಿಗೂ ಹಳೆಯ ಗೋಡೆಗೂ ನಡುವೆ ಉಳಿಯುವ ಸಂದನ್ನು ಅದೇ ದಿನ ತುಂಬಬಾರದು. ಕೆಳಗಿನ ಗಾರೆ ಆರಿ ತಗ್ಗಿದ ಮೇಲೆ, ಅರೆಒಣಗಿದ ಮಣ್ಣನ್ನು ಹೆಂಚಿನ ಚೂರಿನೊಂದಿಗೆ ಬಿಗಿಯಾಗಿ ಇರುಕಿಸಬೇಕು, ಇಲ್ಲವಾದರೆ ಮೇಲಿನ ಗೋಡೆ ಆ ಸಂದಿನೊಳಕ್ಕೆ ಇಳಿದು ಬಿರುಕು ಬಿಡುತ್ತದೆ.

ಹಲಗೆ ತೆಗೆದಾಗ ಗಿಲಾವು ಅಲ್ಲಲ್ಲಿ ಇಟ್ಟಿಗೆಯಿಂದ ಬಿಟ್ಟುಕೊಂಡಿರುವುದು ಬೆರಳಿನಿಂದ ಮೆಲ್ಲನೆ ತಟ್ಟಿದರೆ ಗೊತ್ತಾಗುತ್ತಿತ್ತು. ದನಗಳಿಗೆ ಚುಚ್ಚುವ ದಪ್ಪ ಸಿರಿಂಜಿನಿಂದ ಮೊದಲು ಸ್ಪಿರಿಟ್ ಬೆರೆಸಿದ ನೀರು, ಆಮೇಲೆ ಬಟ್ಟೆಯಲ್ಲಿ ಸೋಸಿದ ಜೇಡಿ ಮತ್ತು ಚಿಟಿಕೆ ಸುಣ್ಣದ ತಿಳಿಗಾರೆಯನ್ನು ಬಿರುಕಿನ ಮೂಲಕ ಒಳಬಿಟ್ಟೆವು. ಉದುರಿಹೋದ ಜಾಗಗಳಿಗೆ ಹೊಸ ಮಣ್ಣು ತುಂಬಿದ್ದೇವೆಯೇ ಹೊರತು ಹೊಸ ಗೀರು ಎಳೆದಿಲ್ಲ. ತುಂಬಿದ್ದು ಎಲ್ಲಿಂದ ಎಲ್ಲಿಗೆ ಎಂದು ಹತ್ತಿರದಿಂದ ನೋಡಿದವರಿಗೆ ತಿಳಿಯುವಂತೆ ಅದರ ಮಟ್ಟವನ್ನು ಕೂದಲೆಳೆಯಷ್ಟು ತಗ್ಗಿಸಿದ್ದೇವೆ. ಅಜ್ಜಿಯ ಸಾಲಿದ್ದ ಜಾಗವೂ ಹೀಗೆ ಬರಿದಾಗಿಯೇ ಇದೆ. ಈಗ ಬೇಕಾದರೆ ಗೀರಬಹುದಲ್ಲ ಎಂದು ಮೇಸ್ತ್ರಿ ಅಜ್ಜಿಯನ್ನು ಕೇಳಿದ. “ಈಗ ಗೀರಿದ್ರೆ ಅದಕ್ಕೆ ಯಾರು ಮಗ ಕೂಲಿ ಕೊಡ್ತಾರೆ?” ಎಂದು ಅವರು ನಕ್ಕುಬಿಟ್ಟರು.

ಹೊರಮೈಗೆ ಮಣ್ಣು, ಮರಳು, ಸೆಗಣಿ, ಉಮಿ ಸೇರಿಸಿದ ಗಿಲಾವು ಎರಡು ಪದರ. ಅದರ ಮೇಲೆ ಕರಾವಳಿಯಿಂದ ತರಿಸಿದ ಚಿಪ್ಪಿನ ಸುಣ್ಣ. ಸುಣ್ಣವನ್ನು ಅರಳಿಸಿ ನೀರಿನಲ್ಲಿ ಮುಳುಗಿಸಿ ವಾರಗಟ್ಟಲೆ ಇಟ್ಟಷ್ಟೂ ಬೆಣ್ಣೆಯಾಗುತ್ತದೆ. ಅದು ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲಾಗುವುದರಿಂದ, ಆದ್ದರಿಂದ ಬಳಿದ ಮೇಲೆ ಬಿಸಿಲಿಗೆ ಬೇಗ ಆರದಂತೆ ಒದ್ದೆ ಗೋಣಿ ಇಳಿಬಿಟ್ಟು ಕಾಯಬೇಕು. ಮಳೆಯನ್ನು ತಡೆಯುತ್ತದೆ, ಒಳಗಿನ ತೇವವನ್ನು ಹೊರಬಿಡುತ್ತದೆ. ಸಿಮೆಂಟಿಗೆ ಬಾರದ ಗುಣ ಇದು. ನೆಲಕ್ಕೂ ಸಿಮೆಂಟ್ ಹಾಕಲಿಲ್ಲ, ಹಾಕಿದರೆ ನೆಲದಡಿಯ ತೇವವೆಲ್ಲ ಗೋಡೆಯನ್ನೇ ಹುಡುಕಿಕೊಂಡು ಬರುತ್ತದೆ. ಜಲ್ಲಿ ಹಾಸಿ, ಮೇಲೆ ಮಣ್ಣು ಬಡಿದು, ಸೆಗಣಿ ಸಾರಿಸಿದ್ದೇವೆ.

ಗೀರುಗಳ ಮುಂದೆ ಗಾಜು ಹಾಕಿಸಿ ಎಂದು ನೋಡಲು ಬಂದ ಹಲವರು ಹೇಳಿದರು. ಮಳೆಗಾಲದಲ್ಲಿ ಗಾಜಿನ ಹಿಂದೆ ಹನಿ ಕಟ್ಟಿ ಬೂಷ್ಟು ಬರುವುದು ಖಂಡಿತವಾದ್ದರಿಂದ ಮೊಣಕಾಲೆತ್ತರದ ಮರದ ಕಟಕಟೆ ಹಾಕಿ, ಅಡ್ಡಬೆಳಕು ಬೀಳುವಂತೆ ಬದಿಗೆ ಒಂದು ದೀಪ ಜೋಡಿಸಿದ್ದೇವೆ. ಇಲ್ಲಿ ಆನೆಯ ಓಡಾಟ ಇರುವುದರಿಂದ ಕಟ್ಟಡದೊಳಗೆ ಭತ್ತ, ಹಲಸಿನಹಣ್ಣು ಇಡಬಾರದೆಂದು ತೋಟದಲ್ಲಿ ಕಟ್ಟುನಿಟ್ಟು ಮಾಡಲಾಗಿದೆ; ಗೊಬ್ಬರವಂತೂ ಇಲ್ಲವೇ ಇಲ್ಲ. ಮಾಡಬೇಕಾದದ್ದು ಇನ್ನೂ ಇದೆ. ರೈಟರ ಕೋಣೆಯ ಕಿಟಕಿಗೆ ಬಾಗಿಲು ಕೂರಿಸಬೇಕು, ಹಳೆಯ ಚೆಕ್‌ರೋಲ್ ಪುಸ್ತಕಗಳನ್ನು ಬಂಗಲೆಯ ಅಟ್ಟದಿಂದ ಇಳಿಸಿ ಒಣಗಿಸಬೇಕು, ಗೀಟಿನ ಲೆಕ್ಕವನ್ನು ಪುಸ್ತಕದ ಲೆಕ್ಕದೊಂದಿಗೆ ತಾಳೆ ನೋಡಬೇಕು. ಗೋಡೆಯ ಬುಡದ ಒಂದು ಅಡಿ ಗಿಲಾವು ಪ್ರತಿ ಮಳೆಗಾಲದಲ್ಲೂ ಸ್ವಲ್ಪ ಸವೆಯುತ್ತದೆ, ಅದು ಸವೆಯಲೆಂದೇ ಇರುವುದು. ದೀಪಾವಳಿ ಕಳೆದು ಕೊಯ್ಲು ಶುರುವಾಗುವ ಮೊದಲು ಅದನ್ನು ಮೆತ್ತಿ ಸುಣ್ಣ ಬಳಿಯುವ ಕೆಲಸವನ್ನು ತೋಟದ ವರ್ಷದ ಕೆಲಸಗಳ ಪಟ್ಟಿಗೆ ಮಾಲೀಕರು ಸೇರಿಸಿದ್ದಾರೆ, ಅದಕ್ಕೆ ಬೇಕಾದ ಮಣ್ಣನ್ನು ಧರೆಯ ಪಕ್ಕದಲ್ಲಿ ಶೀಟಿನ ಕೆಳಗೆ ರಾಶಿ ಹಾಕಿ ಇಟ್ಟಿದೆ.